ಒಂದು ಗಂಟೆಯ ಪಾತಕ: ಬ್ರಿಟನ್ನಿನ ಅಗ್ಗದ ಅಪರಾಧ ಚಿತ್ರಗಳಲ್ಲಿ ಯಾವುದು ಮೇಲು?

ಐವತ್ತು, ಅರವತ್ತರ ದಶಕದ ಬ್ರಿಟನ್ನಿನಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ನೋಡುವ ರೂಢಿಯಿತ್ತು. ದೊಡ್ಡ ಚಿತ್ರಕ್ಕೆ ಮುಂಚೆ ಒಂದು ಗಂಟೆಯ ಆಸುಪಾಸಿನ ಸಣ್ಣದೊಂದು. ಅದಕ್ಕೆ ಬಣ್ಣ ಬೇಡ, ಹೆಸರಾಂತ ತಾರೆ ಬೇಡ, ಹೊರದೇಶದ ಚಿತ್ರೀಕರಣವಂತೂ ಬೇಡವೇ ಬೇಡ. ಒಂದು ಕೋಣೆ, ಒಂದು ಹೆಣ, ಮಳೆಗೋಟು ತೊಟ್ಟ ಒಬ್ಬ ಇನ್‌ಸ್ಪೆಕ್ಟರ್ ಇದ್ದರೆ ಕತೆ ನಡೆದುಹೋಗುತ್ತಿತ್ತು. ಇಂಥ ಚಿತ್ರಗಳಲ್ಲಿ ಬಹಳಷ್ಟು ಕೊಲೆ, ದರೋಡೆ, ಬ್ಲ್ಯಾಕ್‌ಮೇಲ್‌ಗಳ ಸುತ್ತಲೇ ಗಿರಕಿ ಹೊಡೆದದ್ದು ಈ ಕಾರಣಕ್ಕೆ.

ಈ ರಾಶಿಯಲ್ಲಿ ನಾಲ್ಕು ತಯಾರಕರ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದ್ದೇನೆ. ನನ್ನ ಅಳತೆಗೋಲು ಒಂದೇ: ಕೈಯಲ್ಲಿ ಕಾಸಿಲ್ಲದ್ದನ್ನು ಚಿತ್ರ ಮುಚ್ಚಿಡಲು ನೋಡುತ್ತದೆಯೋ, ಅದನ್ನೇ ಕತೆಯ ಬಂಡವಾಳ ಮಾಡಿಕೊಳ್ಳುತ್ತದೆಯೋ?

ಮುಚ್ಚಿಡಲು ನೋಡಿದವರಲ್ಲಿ ಮೊದಲಿಗರು ಹ್ಯಾಮರ್ ಸಂಸ್ಥೆಯವರು. ಭಯಾನಕ ಚಿತ್ರಗಳಿಂದ ಹೆಸರಾಗುವ ಮುನ್ನ, ಐವತ್ತರ ದಶಕದ ಆರಂಭದಲ್ಲಿ, ಅವರು ಅಮೆರಿಕದ ನಿರ್ಮಾಪಕ ರಾಬರ್ಟ್ ಲಿಪರ್ಟ್ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಚಿತ್ರಕ್ಕೆ ಅಮೆರಿಕದ ಮಾರುಕಟ್ಟೆ ಸಿಗಲೆಂದು ಹಾಲಿವುಡ್ಡಿನಲ್ಲಿ ಬೇಡಿಕೆ ಇಳಿದ ನಟರನ್ನು ಕರೆತರುವುದು ಇದರ ಗುಟ್ಟು. 1952ರ ‘ದಿ ಲಾಸ್ಟ್ ಪೇಜ್’ ನೋಡಿ. ಪುಸ್ತಕದಂಗಡಿಯ ಮ್ಯಾನೇಜರ್ ಆಗಿ ಜಾರ್ಜ್ ಬ್ರೆಂಟ್, ಅವನನ್ನು ಸಿಕ್ಕಿಸುವ ಗುಮಾಸ್ತೆಯಾಗಿ ಡಯಾನಾ ಡಾರ್ಸ್. ಅಂಗಡಿಯ ಕಪಾಟು, ಗಿರಾಕಿಗಳ ಗೊಣಗಾಟ, ಸಿಬ್ಬಂದಿಯ ಪುಟ್ಟ ಅಸೂಯೆಗಳು ಚೆನ್ನಾಗಿವೆ. ಕಥಾನಾಯಕ ಮಾತ್ರ ಯಾವ ಊರಿಗೆ ಬಂದಿದ್ದೇನೆಂದೇ ತಿಳಿಯದವನಂತೆ ಓಡಾಡುತ್ತಾನೆ. ಡಾರ್ಸ್‌ಗೋಸ್ಕರ ಒಮ್ಮೆ ನೋಡಬಹುದು.

ಡ್ಯಾಂಜಿಗರ್ ಸಹೋದರರದ್ದು ಇನ್ನೊಂದು ಅತಿ. ನ್ಯೂಯಾರ್ಕಿನಿಂದ ಬಂದ ಎಡ್ವರ್ಡ್ ಮತ್ತು ಹ್ಯಾರಿ ಇಂಗ್ಲೆಂಡಿನಲ್ಲಿ ಸ್ವಂತ ಸ್ಟುಡಿಯೊ ಮಾಡಿಕೊಂಡು ಒಂದರ ಬೆನ್ನಿಗೊಂದು ಚಿತ್ರ ಇಳಿಸಿದರು. ಉಳಿದುಬಿದ್ದ ಸೆಟ್‌ಗಳನ್ನು ತೋರಿಸಿ ಅವಕ್ಕೆ ಹೊಂದುವ ಕತೆ ಬರೆಯಿಸುತ್ತಿದ್ದರೆಂದು, ಮುಂದೆ ಬ್ರಿಟಿಷ್ ಟಿವಿಯ ‘ದಿ ಅವೆಂಜರ್ಸ್’ ಧಾರಾವಾಹಿಯಿಂದ ಪ್ರಸಿದ್ಧರಾದ ಚಿತ್ರಕಥೆಗಾರ ಬ್ರಯಾನ್ ಕ್ಲೆಮೆನ್ಸ್ ಹೇಳಿಕೊಂಡಿದ್ದಾರೆ. ಆ ಸಂಗತಿ ಕೇಳಲು ಸೊಗಸು. ಚಿತ್ರಗಳು ಅಷ್ಟು ಸೊಗಸಲ್ಲ.

ಪತ್ತೇದಾರಿ ಕಾದಂಬರಿಕಾರ ಎಡ್ಗರ್ ವಾಲೇಸನ ಕತೆಗಳನ್ನಾಧರಿಸಿದ ಮರ್ಟನ್ ಪಾರ್ಕ್ ಸ್ಟುಡಿಯೊದ ಸರಣಿಗೆ ಬಂದರೆ ಉಸಿರು ಸಲೀಸಾಗುತ್ತದೆ. 1960ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ. ಚಿತ್ರ ಶುರುವಾಗುವಾಗ ಕತ್ತಲಲ್ಲಿ, ಹೊಗೆಯ ನಡುವೆ, ವಾಲೇಸನ ಎದೆಮಟ್ಟದ ಪ್ರತಿಮೆ ನಿಧಾನವಾಗಿ ತಿರುಗುತ್ತದೆ. ಹಿನ್ನೆಲೆಯಲ್ಲಿ ‘ಮ್ಯಾನ್ ಆಫ್ ಮಿಸ್ಟರಿ’ ರಾಗ. ದಿ ಶ್ಯಾಡೋಸ್ ತಂಡ ಗಿಟಾರಿನಲ್ಲಿ ನುಡಿಸಿ ಜನಪ್ರಿಯಗೊಳಿಸಿದ್ದು ಇದೇ ರಾಗವನ್ನು. ವಾಲೇಸ್ ತೀರಿಕೊಂಡದ್ದು 1932ರಲ್ಲಿ. ಆದರೆ ಇಲ್ಲಿನ ಕತೆಗಳನ್ನು ಅರವತ್ತರ ಲಂಡನ್ನಿಗೆ ಎಳೆದು ತಂದಿದ್ದಾರೆ. ನನಗೆ ಇಷ್ಟವಾಗುವುದು ಒಳಾಂಗಣದ ಮಾತುಕತೆಗಿಂತ ನಡುವೆ ಇಣುಕುವ ಬೀದಿಗಳು: ಒದ್ದೆ ರಸ್ತೆ, ಖಾಲಿ ಬಿದ್ದ ಪಾರ್ಕಿಂಗ್ ಜಾಗ, ಯಾರೋ ದಾರಿಹೋಕರು ಕ್ಯಾಮೆರಾವನ್ನು ದಿಟ್ಟಿಸಿಬಿಡುವುದು. ಕಾಸಿಲ್ಲದೆ ಬೀದಿಗಿಳಿದವರು ತಮಗೇ ಗೊತ್ತಿಲ್ಲದೆ ಒಂದು ಊರನ್ನು ದಾಖಲಿಸಿಟ್ಟರು. ನಟರನ್ನು ಗುರುತಿಸುವ ಆಟವೂ ಇದೆ: 1962ರ ‘ಸೋಲೋ ಫಾರ್ ಸ್ಪ್ಯಾರೋ’ದಲ್ಲಿ ಸಣ್ಣ ಪಾತ್ರದಲ್ಲಿ ಸುಳಿಯುವವನು ಮೈಕೆಲ್ ಕೇನ್. ದೋಷವೆಂದರೆ ಏರುಪೇರು. ಒಂದು ಬಿಗಿಯಾಗಿದ್ದರೆ ಮುಂದಿನದು ಆಕಳಿಕೆ ತರಿಸುತ್ತದೆ. ಸಾಲಾಗಿ ನೋಡಲು ಕೂರಬೇಡಿ, ಆಯ್ದು ನೋಡಿ.

ಇವೆಲ್ಲವನ್ನೂ ಹಿಂದಿಕ್ಕುವುದು ವರ್ನನ್ ಸೂಯೆಲ್ ನಿರ್ದೇಶಿಸಿದ ಎರಡು ಚಿತ್ರಗಳು. 1961ರ ‘ದಿ ಮ್ಯಾನ್ ಇನ್ ದಿ ಬ್ಯಾಕ್ ಸೀಟ್’ ಐವತ್ತೇಳು ನಿಮಿಷದ್ದು. ಇಬ್ಬರು ಯುವಕರು ನಾಯಿ ಓಟದ ಬುಕ್ಕಿಯೊಬ್ಬನ ತಲೆಗೆ ಬಡಿದು ಹಣದ ಚೀಲ ಕಸಿಯಲು ಹೋಗುತ್ತಾರೆ. ಚೀಲ ಅವನ ಮಣಿಕಟ್ಟಿಗೆ ಸರಪಳಿಯಿಂದ ಬಿಗಿದಿದೆ, ಕೀಲಿ ಸಿಗುವುದಿಲ್ಲ. ಹಣ ಬೇಕೆಂದರೆ ಮನುಷ್ಯನನ್ನೂ ಹೊತ್ತೊಯ್ಯಬೇಕು. ಅಲ್ಲಿಂದ ಮುಂದೆ ಒಂದು ಕಾರು, ಒಂದು ರಾತ್ರಿ, ಹಿಂದಿನ ಸೀಟಿನಲ್ಲಿ ಅರೆಜೀವದ ಭಾರ. ಸರಪಳಿ ಬಿಡಿಸಿಕೊಂಡ ಮೇಲೂ ಅವನನ್ನು ಎಲ್ಲಿ ಇಳಿಸುವುದೆಂದು ತೋಚದೆ ಸುತ್ತುತ್ತಾರೆ. ಡೆರೆನ್ ನೆಸ್ಬಿಟ್‌ನ ನಯವಾದ ಕ್ರೌರ್ಯ ಒಂದು ಕಡೆ, ಅವನ ಜೊತೆಗಾರನ ನಡುಕ ಇನ್ನೊಂದು ಕಡೆ. ಹೆಚ್ಚು ಹಣವಿದ್ದಿದ್ದರೆ ಈ ಚಿತ್ರ ಕೆಡುತ್ತಿತ್ತೆಂದೇ ನನ್ನ ನಂಬಿಕೆ.

ಮರುವರ್ಷದ ‘ಸ್ಟ್ರಾಂಗ್‌ರೂಮ್’ ಇನ್ನೂ ಒಂದು ಹೆಜ್ಜೆ ಮುಂದು. ಸಾಲು ರಜೆಯ ಮುನ್ನ ಬ್ಯಾಂಕ್ ದೋಚುವ ಮೂವರು, ಕಸ ಗುಡಿಸುವ ಹೆಂಗಸರು ಅಕಾಲದಲ್ಲಿ ಬಂದದ್ದರಿಂದ ಮ್ಯಾನೇಜರನ್ನೂ ಅವನ ಕಾರ್ಯದರ್ಶಿಯನ್ನೂ ತಿಜೋರಿ ಕೋಣೆಗೆ ತಳ್ಳಿ ಬೀಗ ಜಡಿಯುತ್ತಾರೆ. ಒಳಗಿನ ಗಾಳಿ ಎಷ್ಟು ಹೊತ್ತು ಬರುತ್ತದೆ? ಕೀಲಿ ತಲುಪಿಸಬೇಕಾದ ಕಳ್ಳ ರಸ್ತೆ ಅಪಘಾತದಲ್ಲಿ ಸಾಯುತ್ತಾನೆ. ಉಳಿದಿಬ್ಬರು ತಾವು ದೋಚಿದ ಬ್ಯಾಂಕಿಗೆ ಮತ್ತೆ ನುಗ್ಗುವ ದಾರಿ ಹುಡುಕಬೇಕಾಗುತ್ತದೆ, ಈ ಸಲ ಜೀವ ಉಳಿಸಲು. 1957ರ ಕಾಯ್ದೆಯ ಪ್ರಕಾರ ಕಳ್ಳತನದ ವೇಳೆ ನಡೆದ ಕೊಲೆಗೆ ಆಗ ಗಲ್ಲೇ ಶಿಕ್ಷೆ ಎಂಬುದನ್ನು ನೆನಪಿಟ್ಟು ನೋಡಿದರೆ ಅವರ ಬೆವರಿನ ಅರ್ಥ ತಿಳಿಯುತ್ತದೆ. ಅತ್ತ ಬೀಗದೊಳಗೆ, ಕಚೇರಿಯಲ್ಲಿ ಗಂಜಿ ಹಾಕಿದ ಕಾಲರಿನಂತೆ ಬಿಗಿದುಕೊಂಡಿದ್ದ ಮ್ಯಾನೇಜರ್ ಮೆಲ್ಲಗೆ ಮನುಷ್ಯನಾಗುತ್ತಾನೆ.

ಇದಕ್ಕೆ ಸರಿಸಾಟಿಯಾಗಿ ನಿಲ್ಲುವುದು ಮತ್ತದೇ ಹ್ಯಾಮರ್‌ನ 1961ರ ‘ಕ್ಯಾಶ್ ಆನ್ ಡಿಮ್ಯಾಂಡ್’ ಒಂದೇ. ಇಲ್ಲೂ ಬ್ಯಾಂಕ್, ಇಲ್ಲೂ ಕಲ್ಲೆದೆಯ ಮ್ಯಾನೇಜರ್, ಕ್ರಿಸ್ಮಸ್ ಮುಂಚಿನ ದಿನಗಳು. ಈ ಸಲ ಕಡ ತಂದ ಅಮೆರಿಕನ್ ತಾರೆಯಿಲ್ಲ. ಇನ್ಶೂರೆನ್ಸ್ ಅಧಿಕಾರಿಯ ಸೋಗಿನಲ್ಲಿ ಬಂದ ಆಂಡ್ರೆ ಮೊರೆಲ್ ನಗುನಗುತ್ತಲೇ ಬೆದರಿಸುವಾಗ ಪೀಟರ್ ಕುಷಿಂಗ್‌ನ ಮುಖ ಬಿರುಕು ಬಿಡುವುದನ್ನು ನೋಡಬೇಕು. ನಟನೆಯ ಮಾತಾದರೆ ಈ ಚಿತ್ರವೇ ಒಂದು ತೂಕ ಹೆಚ್ಚು. ಆದರೂ ನನ್ನ ಮತ ‘ಸ್ಟ್ರಾಂಗ್‌ರೂಮ್’ಗೆ. ಹ್ಯಾಮರ್ ಕೊನೆಗೆ ಕ್ರಿಸ್ಮಸ್ ಸಿಹಿ ಹಂಚುತ್ತದೆ. ಸೂಯೆಲ್ ಕಡೆಯ ನಿಮಿಷದವರೆಗೂ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.