ಲೇಬಲ್ ಇಲ್ಲದ ‘ನೈಟ್ ಕ್ರೀಮ್’ ಡಬ್ಬಿ ಕೊಟ್ಟರೆ ಮುಖಕ್ಕೆ ಹಚ್ಚಬೇಡಿ

ಪಾರ್ಲರ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಒಂದು ಕ್ರೀಮ್ ಕೊಡುತ್ತಾರಲ್ಲ? ಮೇಲೆ ಹೆಸರಿಲ್ಲ, ಕಂಪನಿ ಇಲ್ಲ, ತಾರೀಖು ಇಲ್ಲ. ‘ರಾತ್ರಿ ಹಚ್ಚಿ ಮಲಗಿ, ಬೆಳಗ್ಗೆ ನೋಡಿ’ ಅನ್ನುತ್ತಾರೆ. ದಯವಿಟ್ಟು ಅದನ್ನು ಹಚ್ಚಬೇಡಿ. ಮದುವೆ ಗೊತ್ತಾದ ಹುಡುಗಿಯರು ಮನೆಯಲ್ಲಿದ್ದರೆ ಅವರಿಗೂ ಹೇಳಿ. ಬರೀ ‘ಬೇಡ’ ಅಂದರೆ ಯಾರೂ ನಂಬುವುದಿಲ್ಲ ಅಂತ ಗೊತ್ತು. ಯಾಕಂದರೆ ಆ ಕ್ರೀಮ್ ಮೊದಲ ಕೆಲವು ವಾರ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ನನಗೆ ಆಗಿದ್ದನ್ನು ಪೂರ್ತಿ ಬರೆಯುತ್ತೇನೆ.

ನಾನು ದಾವಣಗೆರೆಯವಳು. ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮದುವೆ ಗೊತ್ತಾದಾಗ ನನ್ನ ಮುಖದಲ್ಲಿ ಇದ್ದದ್ದು ಒಂದೆರಡು ಮೊಡವೆ, ಕೆನ್ನೆ ಮೇಲೆ ಅದರ ಹಳೆಯ ಕಲೆ, ಅಷ್ಟೇ. ಜವಳಿ ತೆಗೆಯಲು ಹೋದ ದಿನ ಹುಡುಗನ ಕಡೆಯ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಸೀರೆ ಹಿಡಿದು ನೋಡಿದರು. ‘ಹುಡುಗಿ ಲಕ್ಷಣವಾಗಿದ್ದಾಳೆ. ಇನ್ನೊಂಚೂರು ಬಣ್ಣ ಇದ್ದಿದ್ರೆ ಈ ಸೀರೆ ಒಪ್ತಿತ್ತು’ ಅಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಅಂಗಡಿಯವರ ಮುಂದೆ, ಅಮ್ಮನ ಮುಂದೆ ಆಡಿದ ಮಾತು. ಅಮ್ಮ ಮನೆಗೆ ಬಂದವರೇ ‘ಒಂದು ಒಳ್ಳೆ ಪಾರ್ಲರ್ ನೋಡವ್ವಾ’ ಅಂದರು. ಈ ಮಾತು ಕೇಳದ ಹುಡುಗಿಯರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ?

ಪಾರ್ಲರ್ ಹೆಸರು ಇಲ್ಲಿ ಬರೆಯುವುದಿಲ್ಲ. ಬ್ರೈಡಲ್ ಪ್ಯಾಕೇಜ್ ಅಂತ ಹೇಳಿ ಫೇಶಿಯಲ್, ಬ್ಲೀಚ್, ವ್ಯಾಕ್ಸಿಂಗ್ ಎಲ್ಲಾ ಸೇರಿಸಿದರು. ಅದರ ಜೊತೆ ಬಂದದ್ದು ಈ ಡಬ್ಬಿ. ‘ಇದರಲ್ಲಿ ಏನೇನಿದೆ ಅಕ್ಕಾ?’ ಅಂತ ಕೇಳಿದೆ. ‘ಎಲ್ಲಾ ಹರ್ಬಲ್ ಕಣಮ್ಮಾ. ಕೇಸರಿ, ಬಾದಾಮಿ ಎಣ್ಣೆ. ನಾವೇ ಮಾಡ್ಸೋದು’ ಅಂದರು. ಮತ್ತೆ ಡಬ್ಬಿ ಮೇಲೆ ಚೀಟಿ ಯಾಕಿಲ್ಲ? ‘ಬರೆದ್ರೆ ಬೇರೆ ಪಾರ್ಲರ್‌ನವರು ಫಾರ್ಮುಲಾ ಕದೀತಾರೆ’ ಅಂದರು. ನೇರವಾಗಿ ಕೇಳಿದ ಪ್ರಶ್ನೆಗೆ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರು. ಇವತ್ತಿಗೂ ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.

ಹಚ್ಚಲು ಶುರು ಮಾಡಿದ ಸ್ವಲ್ಪ ದಿನಕ್ಕೇ ಮೊಡವೆ ಮಾಯವಾಯಿತು. ಕಲೆ ತಿಳಿಯಾಯಿತು. ಮುಖ ನಯವಾಗಿ, ಹೊಳೆಯುವ ಹಾಗೆ ಆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಮದುವೆ ಕಳೆ ಬಂದಿದೆ’ ಅಂದರು. ಇಬ್ಬರು ಪಾರ್ಲರ್ ವಿಳಾಸ ಕೇಳಿ ಬರೆದುಕೊಂಡರು. ಈ ವ್ಯಾಪಾರ ಬೆಳೆಯುವುದೇ ಹೀಗೆ.

ಆಮೇಲೆ ಬಿಸಿಲಿಗೆ ಹೋದರೆ ಕೆನ್ನೆ ಉರಿಯಲು ಶುರುವಾಯಿತು. ಬೇಸಿಗೆಯಲ್ಲಿ ದಾವಣಗೆರೆಯ ಬಿಸಿಲು ಎಲ್ಲರಿಗೂ ಉರಿಯುತ್ತದೆ, ಅದಕ್ಕೇ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಆದರೆ ಒಲೆ ಮುಂದೆ ನಿಂತರೂ ಉರಿ. ಸೋಪು ತಾಗಿದರೂ ಉರಿ. ಒಂದು ರಾತ್ರಿ ಹಚ್ಚದೆ ಬಿಟ್ಟರೆ ಬೆಳಗ್ಗೆ ಮುಖ ಕೆಂಪಗೆ ಊದಿಕೊಂಡು, ಸಣ್ಣ ಸಣ್ಣ ಕೀವಿನ ಗುಳ್ಳೆಗಳು ಏಳುತ್ತಿದ್ದವು. ಮತ್ತೆ ಹಚ್ಚಿದರೆ ಎಲ್ಲಾ ಇಳಿಯುತ್ತಿತ್ತು. ಕೆನ್ನೆ ಮೇಲೆ, ದವಡೆ ಹತ್ತಿರ ಕೂದಲು ದಟ್ಟವಾಗಿ ಬಂತು. ಮೂಗಿನ ಪಕ್ಕ ಕೆಂಪು ನರದ ಎಳೆಗಳು ಬರಿಗಣ್ಣಿಗೆ ಕಾಣತೊಡಗಿದವು.

ಪಾರ್ಲರ್‌ಗೆ ಹೋಗಿ ತೋರಿಸಿದೆ. ‘ನಿಮ್ದು ಹೀಟ್ ಬಾಡಿ. ಒಳಗಿರೋ ಕೊಳೆ ಎಲ್ಲಾ ಹೊರಗೆ ಬರ್ತಿದೆ. ಏನೇ ಆದ್ರೂ ಹಚ್ಚೋದು ನಿಲ್ಲಿಸ್ಬೇಡಿ’ ಅಂದರು. ಇನ್ನೊಂದು ಡಬ್ಬಿ ಕೊಟ್ಟರು. ಅದಕ್ಕೆ ಬೇರೆ ದುಡ್ಡು.

ಅರಿಶಿನದ ಶಾಸ್ತ್ರದ ದಿನ ಇದೆಲ್ಲಾ ಬಯಲಾಯಿತು. ಮುತ್ತೈದೆಯರು ಸಾಲಾಗಿ ಬಂದು ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದರು. ಮೊದಲನೆಯವರ ಕೈ ತಾಗಿದ ತಕ್ಷಣ ಗಾಯಕ್ಕೆ ಖಾರ ಹಾಕಿದ ಹಾಗೆ ಆಯಿತು. ಶಾಸ್ತ್ರ ನಡೆಯುವಾಗ ಏಳಬಾರದು ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ತವರು ಬಿಟ್ಟು ಹೋಗುವ ದುಃಖ ಅಂದುಕೊಂಡು ದೊಡ್ಡಮ್ಮ ತಲೆ ಸವರಿದರು. ಮುಖ ತೊಳೆದ ಮೇಲೆ ನೋಡಿದರೆ ಅಲ್ಲಲ್ಲಿ ಚರ್ಮ ಕಿತ್ತು ಬಂದಿತ್ತು. ಮಾರನೇ ದಿನ ಆ ಮುಖದ ಮೇಲೆ ದಪ್ಪಗೆ ಮೇಕಪ್ ಹಾಕಿಸಿಕೊಂಡು ಧಾರೆಗೆ ನಿಂತೆ. ಮದುವೆ ಆಲ್ಬಂ ಮಾಡಿಸಿದ್ದೇವೆ, ನಾನು ತೆರೆದು ನೋಡಿಲ್ಲ.

ಮದುವೆ ಆದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ನಮ್ಮ ಯಜಮಾನರು. ಇಲ್ಲಿ ಒಂದು ಮಾತು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಚರ್ಮದ ಡಾಕ್ಟರುಗಳಿಗೆ ಬರ ಇಲ್ಲ. ಆದರೂ ಹುಡುಗಿಯರು ಅಲ್ಲಿಗೆ ಹೋಗದೆ ಪಾರ್ಲರ್‌ಗೆ ಹೋಗುವುದಕ್ಕೆ ಒಂದು ಕಾರಣ ಆ ಬೋರ್ಡ್. ‘ಚರ್ಮ, ಕುಷ್ಠ ಮತ್ತು ಲೈಂಗಿಕ ರೋಗ ತಜ್ಞರು’ ಅಂತ ಬರೆದಿರುತ್ತದೆ. ಮದುವೆ ಗೊತ್ತಾದ ಹುಡುಗಿ ಆ ಬಾಗಿಲಲ್ಲಿ ಕೂತಿದ್ದನ್ನು ಯಾರಾದರೂ ನೋಡಿದರೆ ಅನ್ನುವ ಭಯ. ಚರ್ಮದ ವೈದ್ಯರು ಓದುವ ಎಂಡಿ ಕೋರ್ಸಿನಲ್ಲೇ ಆ ಮೂರೂ ಒಟ್ಟಿಗೆ ಇವೆ, ಅದಕ್ಕೇ ಹಾಗೆ ಬರೆಯುವುದು. ಮೊಡವೆಗೂ ಅವರೇ, ಕೆನ್ನೆ ಮೇಲೆ ಕಂದು ಮಚ್ಚೆಯ ಹಾಗೆ ಬರುವ ಬಂಗಿಗೂ ಅವರೇ. ಆ ಬೋರ್ಡ್ ನೋಡಿ ವಾಪಸ್ ಬರಬೇಡಿ.

ಡಾಕ್ಟರ್ ಮೇಡಂ ಲೆನ್ಸ್ ಹಿಡಿದು ನನ್ನ ಕೆನ್ನೆ ನೋಡಿದರು. ‘ಮುಖಕ್ಕೆ ಏನು ಹಚ್ತಿದ್ರಿ? ಡಬ್ಬಿ ತಂದಿದೀರಾ?’ ಅಂತ ಕೇಳಿದರು. ನಾನು ಇನ್ನೂ ಪೂರ್ತಿ ಹೇಳಿರಲೇ ಇಲ್ಲ. ಚೀಟಿಯಲ್ಲಿ ಟಿ.ಎಸ್.ಡಿ.ಎಫ್. ಅಂತ ಬರೆದರು. ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್. ಅಂದರೆ ಸ್ಟಿರಾಯ್ಡ್ ಅನ್ನುವ ಔಷಧ ಹಚ್ಚಿ ಹಾಳಾದ ಮುಖ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಒಂದು ಹೆಸರೇ ಇಡಬೇಕಾಯಿತು ಅಂದರೆ ಇದು ಎಷ್ಟು ಹರಡಿದೆ ಅಂತ ಯೋಚನೆ ಮಾಡಿ.

ಅವರು ವಿವರಿಸಿದ್ದು ಇಷ್ಟು. ಸ್ಟಿರಾಯ್ಡ್ ಹಚ್ಚಿದರೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಮುಖ ಬಿಳುಚಿಕೊಳ್ಳುತ್ತದೆ. ನಾವು ಅದನ್ನು ಬಣ್ಣ ಬಂತು ಅಂದುಕೊಳ್ಳುತ್ತೇವೆ. ಅದು ಉರಿಯೂತ ಅಡಗಿಸುವುದರಿಂದ ಮೊಡವೆಯ ಕೆಂಪೂ ಇಳಿಯುತ್ತದೆ. ಜೊತೆಗೆ ಚರ್ಮದ ಪದರ ತೆಳ್ಳಗಾಗುತ್ತಾ ಹೋಗುತ್ತದೆ. ಮುಖದ ಚರ್ಮ ಮೊದಲೇ ಸೂಕ್ಷ್ಮ. ಮುಂಗೈಗೆ ಹೋಲಿಸಿದರೆ ಹಣೆ, ದವಡೆಯ ಚರ್ಮ ಸ್ಟಿರಾಯ್ಡನ್ನು ಎಷ್ಟೋ ಪಟ್ಟು ಜಾಸ್ತಿ ಹೀರುತ್ತದೆ. ಆಮೇಲೆ ಚರ್ಮಕ್ಕೆ ಅದು ಅಭ್ಯಾಸವಾಗಿಬಿಡುತ್ತದೆ. ನಿಲ್ಲಿಸಿದರೆ ರಕ್ತನಾಳಗಳು ಒಮ್ಮೆಲೇ ಹಿಗ್ಗುತ್ತವೆ, ಉರಿ, ಊತ, ಗುಳ್ಳೆ. ಹೊರಗೆ ಬರುತ್ತಿದ್ದದ್ದು ಯಾವ ಕೊಳೆಯೂ ಅಲ್ಲ. ‘ನಿಲ್ಲಿಸ್ಬೇಡಿ’ ಅಂತ ಪಾರ್ಲರ್‌ನವರು ಅಷ್ಟು ಒತ್ತಿ ಹೇಳಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಅಲ್ಲಿ ಮೊದಲು ಕೆಲಸಕ್ಕಿದ್ದ ಒಬ್ಬ ಹುಡುಗಿ ಎಷ್ಟೋ ದಿನದ ನಂತರ ಸಿಕ್ಕಿ ಹೇಳಿದಳು. ಮೆಡಿಕಲ್ ಶಾಪಿನ ಟ್ಯೂಬ್‌ಗಳನ್ನು ಕೋಲ್ಡ್ ಕ್ರೀಮ್‌ಗೆ ಹಿಂಡಿ, ಕಲಸಿ ಡಬ್ಬಿಗೆ ತುಂಬುತ್ತಿದ್ದರಂತೆ. ಕೇಸರಿ ಬಣ್ಣದ ಎಸೆನ್ಸ್ ಎರಡು ಹನಿ. ಅಷ್ಟೇ ಹರ್ಬಲ್.

ನಾನು ಬಾಯಿ ಬಿಟ್ಟ ಮೇಲೆ ಬೇರೆಯವರೂ ಹೇಳತೊಡಗಿದರು. ಇದು ನಮ್ಮಲ್ಲಿ ಯಾರೂ ಹೇಳಿಕೊಳ್ಳದ ವಿಷಯ ಅಲ್ವಾ? ಮುಖ ಹಾಳಾದರೆ ‘ಅಲರ್ಜಿ’ ಅಂದು ಸುಮ್ಮನಾಗುತ್ತೇವೆ. ಪಕ್ಕದ ಬೀದಿಯ ಒಬ್ಬರಿಗೆ ಎರಡನೇ ಹೆರಿಗೆ ಆದ ಮೇಲೆ ಕೆನ್ನೆ ಮೇಲೆ ಬಂಗು ಬಂದಿತ್ತು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ತಗೊಂಡು ವರ್ಷಗಟ್ಟಲೆ ಹಚ್ಚಿದರು. ಅದರಲ್ಲಿ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಉದುರಿಸುವ ಟ್ರೆಟಿನಾಯಿನ್, ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್ ಮೂರೂ ಇದ್ದವು. ಇಂಥ ಮೂರರ ಕ್ರೀಮ್ ಅನ್ನು ಡಾಕ್ಟರು ಬಂಗಿಗೆ ಕೊಡುವುದುಂಟು, ಆದರೆ ಕೆಲವು ವಾರಕ್ಕೆ ಮಾತ್ರ, ಮಧ್ಯೆ ಮಧ್ಯೆ ನೋಡುತ್ತಾ. ಇವರಿಗೆ ಈಗ ಬಂಗು ಮೊದಲಿಗಿಂತ ಕಪ್ಪಾಗಿದೆ. ಚಿತ್ರದುರ್ಗದ ನನ್ನ ಚಿಕ್ಕಮ್ಮನ ಮಗಳದ್ದು ಬೇರೆ ಕಥೆ. ಅವಳಿಗೆ ಪಾರ್ಲರ್‌ನಲ್ಲೇ ‘ಪೀಲ್’ ಮಾಡಿದರು, ಅಂದರೆ ಚರ್ಮದ ಮೇಲ್ಪದರ ಸುಲಿಯಲು ರಾಸಾಯನಿಕ ಹಚ್ಚಿದರು. ಉರಿ ಅಂತ ಕೂಗಿದರೂ ‘ಇನ್ನೆರಡು ನಿಮಿಷ’ ಅಂತ ತಡೆದು ಕೂರಿಸಿದರು. ಸುಟ್ಟ ಜಾಗ ಕಪ್ಪಗೆ ಕೂತಿದೆ. ನಮ್ಮಂಥ ಗೋಧಿ ಬಣ್ಣ, ಕಂದು ಬಣ್ಣದ ಚರ್ಮದಲ್ಲಿ ಇಂಥ ಕಲೆ ಬೇಗ ಕೂರುತ್ತದೆ, ಹೋಗಲು ತಿಂಗಳುಗಟ್ಟಲೆ ಬೇಕು.

ಸ್ಟಿರಾಯ್ಡ್ ಅಲ್ಲದೆ ಇನ್ನೊಂದು ಅಪಾಯ ಪಾದರಸ. ಚರ್ಮದಲ್ಲಿ ಬಣ್ಣ ಹುಟ್ಟುವುದನ್ನೇ ಅದು ತಡೆಯುತ್ತದೆ, ಅದಕ್ಕೇ ಕೆಲವು ಬಿಳುಪಿನ ಕ್ರೀಮ್‌ಗಳಿಗೆ ಕದ್ದು ಸೇರಿಸುತ್ತಾರೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಏಟು ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದ ಹಲವರು ಇಂಥ ಕ್ರೀಮ್ ಹಚ್ಚುತ್ತಿದ್ದರು ಅನ್ನುವುದನ್ನು 2023ರಲ್ಲಿ ಅಲ್ಲಿನ ವೈದ್ಯರು ಬೆಳಕಿಗೆ ತಂದರು. ಬಿಳುಪಿನ ಕ್ರೀಮ್ ಹಚ್ಚುವವರಿಗೆ ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ಮುಖದ ಚಿಂತೆ ಆಮೇಲೆ. ಮೊದಲು ಕಿಡ್ನಿ ತೋರಿಸಿ, ಕ್ರೀಮ್ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಇನ್ನು ಗುರುತು ಹಿಡಿಯುವುದು ಹೇಗೆ? ನಿಜವಾದ ಕಾಸ್ಮೆಟಿಕ್ ಅಂದರೆ ಅದರ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕು, ಏನೇನು ಹಾಕಿದ್ದಾರೆ ಎಲ್ಲಾ ಇರಲೇಬೇಕು, ಕಾನೂನು ಹಾಗಿದೆ. ಇಲ್ಲ ಅಂದರೆ ಕೇಳುವುದೇ ಬೇಡ, ಎದ್ದು ಬನ್ನಿ. ಟ್ಯೂಬ್ ಆದರೆ ಹೆಸರು ಓದಿ. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್ ಇದ್ದರೆ ಅದು ಸ್ಟಿರಾಯ್ಡ್. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟಿರಾಯ್ಡ್‌ಗಳ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿದ್ದರೂ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಅದೂ ಗೊತ್ತಿರಲಿ. ಸ್ಟಿರಾಯ್ಡ್ ಅಂದರೇ ವಿಷ ಅಂತ ನಾನು ಹೇಳುತ್ತಿಲ್ಲ. ಇಸುಬಿಗೆ (ಎಕ್ಸಿಮಾ) ಡಾಕ್ಟರು ಕೊಟ್ಟರೆ ಹಚ್ಚಲೇಬೇಕು. ಬೆಳ್ಳಗಾಗಲು ಹಚ್ಚುವ ಔಷಧ ಅದಲ್ಲ. ಬೆಳ್ಳಗಾಗಲು ಗ್ಲುಟಾಥಿಯೋನ್ ಅನ್ನುವ ಇಂಜೆಕ್ಷನ್, ಡ್ರಿಪ್ ಅಂತ ಕರೆದರಂತೂ ಕೈ ಕೊಡಲೇಬೇಡಿ. ಪಾರ್ಲರ್‌ನಲ್ಲಿ ನರಕ್ಕೆ ಸೂಜಿ ಹಾಕುವ ಹಕ್ಕು ಯಾರಿಗೂ ಇಲ್ಲ. ‘ಸ್ಕಿನ್ ಕ್ಲಿನಿಕ್’ ಅಂತ ಬೋರ್ಡ್ ಇದ್ದರೆ ಡಾಕ್ಟರ ನೋಂದಣಿ ಸಂಖ್ಯೆ, ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಬಗ್ಗೆ ಇರುವ ಕರ್ನಾಟಕದ ಕಾನೂನು) ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ನೋಡಿ. ಬಿಳಿ ಕೋಟು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ದುಡ್ಡು ವಾಪಸ್ ಕೇಳಲು ಹೋದಾಗ ಅವರು ‘ನಾವು ಯಾವ ಕ್ರೀಮೂ ಕೊಟ್ಟಿಲ್ಲ’ ಅಂದರು. ಬಿಲ್ ಇಲ್ಲವಲ್ಲ, ಆ ಧೈರ್ಯ. ಆದರೆ ಫೋನಿನಲ್ಲಿ ದುಡ್ಡು ಕಳಿಸಿದ ದಾಖಲೆ, ‘ಮೇಡಂ ಕ್ರೀಮ್ ರೆಡಿ ಇದೆ’ ಅನ್ನುವ ವಾಟ್ಸಾಪ್ ಮೆಸೇಜ್ ನನ್ನ ಹತ್ತಿರ ಇದ್ದವು. ನಿಮಗೂ ಹೀಗಾಗಿದ್ದರೆ ಡಬ್ಬಿ ಎಸೆಯಬೇಡಿ, ಮೆಸೇಜ್ ಅಳಿಸಬೇಡಿ, ಮುಖದ ಫೋಟೋ ತೆಗೆದಿಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ಔಷಧ ಬೆರೆಸಿ ಮಾರುವ ಬಗ್ಗೆ ಔಷಧ ನಿಯಂತ್ರಣ ಇಲಾಖೆಗೆ ಬರೆಯಬಹುದು. ನಾನು ಬರೆದಿದ್ದೇನೆ.

ಈಗಾಗಲೇ ಹಚ್ಚುತ್ತಿರುವವರಿಗೆ ಮುಖ್ಯವಾದ ಮಾತು. ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ಬಹಳ ದಿನ ಹಚ್ಚಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಮುಖ ವಿಪರೀತ ಕೆರಳುತ್ತದೆ. ಆ ಉರಿ ತಡೆಯಲಾರದೆ ಮತ್ತೆ ಅದೇ ಡಬ್ಬಿಗೆ ಕೈ ಹಾಕುತ್ತೀರಿ. ಆದಷ್ಟು ಬೇಗ ಚರ್ಮದ ಡಾಕ್ಟರ ಹತ್ತಿರ ಹೋಗಿ, ಡಬ್ಬಿ ತಗೊಂಡೇ ಹೋಗಿ. ನನಗೆ ಹಂತ ಹಂತವಾಗಿ ಬಿಡಿಸಿದರು. ಸ್ಟಿರಾಯ್ಡ್ ಇಲ್ಲದ ಮುಲಾಮು, ಕೆಲವು ದಿನ ಮಾತ್ರೆ, ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅಷ್ಟೇ. ಕಡಲೆಹಿಟ್ಟು, ನಿಂಬೆರಸ, ಅರಿಶಿನ ಯಾವುದೂ ಬೇಡ ಅಂದರು. ಮುಖ ಸುಧಾರಿಸಲು ತಿಂಗಳುಗಳೇ ಹಿಡಿದವು. ಕೆಂಪು ಎಳೆಗಳು ಇನ್ನೂ ಪೂರ್ತಿ ಹೋಗಿಲ್ಲ. ಬಸುರಿಯರು, ಹಾಲುಣಿಸುವವರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೊಡುವ ಔಷಧ ಬೇರೆಯಾಗುತ್ತದೆ. ಮದುವೆ ಹತ್ತಿರ ಇದ್ದರೆ ತಾರೀಖನ್ನೂ ಹೇಳಿ. ಅರಿಶಿನದ ಶಾಸ್ತ್ರಕ್ಕೆ ಮುಖ ಬಿಟ್ಟು ಕೈಗೆ, ಕಾಲಿಗೆ ಹಚ್ಚಿ ಅಂತ ಮನೆಯ ಹಿರಿಯರಿಗೆ ಮೊದಲೇ ತಿಳಿಸಿ.