ಎರಡನೇ ಗೇರಿನ ಕರಕರ ಸದ್ದನ್ನು ಗಟ್ಟಿ ಆಯಿಲ್ ಹಾಕಿ ಮುಚ್ಚಿಸಬೇಡಿ

ಹಳೇ ಮ್ಯಾನ್ಯುಯಲ್ ಗಾಡಿ ಇಟ್ಟುಕೊಂಡವರು ಇದನ್ನು ಓದಿ. "ಹಳೇ ಗಾಡಿ ಅಲ್ವಾ ಸಾರ್, ಎರಡನೇ ಗೇರು ಸ್ವಲ್ಪ ಸದ್ದು ಮಾಡುತ್ತೆ, ಏನೂ ಆಗಲ್ಲ" ಅಂತ ಗ್ಯಾರೇಜಿನಲ್ಲಿ ಯಾರಾದರೂ ಹೇಳಿದರೆ ಕೀ ವಾಪಸ್ ಇಸ್ಕೊಂಡು ಹೊರಟುಬಿಡಿ. ನನಗೆ ಹೇಳಿದ್ದು ಇದೇ ಮಾತು. ಸಾಲದ್ದಕ್ಕೆ ಒಳಗಿದ್ದ ಗೇರ್ ಆಯಿಲ್ ಇಳಿಸಿ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಹಾಕುವ ಗಟ್ಟಿ ಆಯಿಲ್ ತುಂಬಿದರು. "ಈಗ ನೋಡಿ, ಬೆಣ್ಣೆ ಥರ ಬೀಳುತ್ತೆ" ಅಂದರು. ಗಾಡಿ ಬಿಸಿಯಾಗಿದ್ದಾಗ ಸದ್ದೇನೋ ತಗ್ಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಎರಡನೇ ಗೇರು ಬೀಳುವುದಕ್ಕೇ ಒಲ್ಲೆ ಅನ್ನತೊಡಗಿತು.

ಯಾಕೆ ಹೀಗಾಯಿತು ಅನ್ನುವುದು ಆಮೇಲೆ ಗೊತ್ತಾಯಿತು. ಗೇರ್ ಬಾಕ್ಸಿನೊಳಗೆ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಾವು ಲಿವರ್ ಎಳೆದಾಗ ಒಂದು ಸ್ಲೀವ್ (ಒಳಗೆ ಹಲ್ಲಿರುವ ಬಳೆ) ಜರುಗಿ, ಬೇಕಾದ ಗೇರನ್ನು ಶಾಫ್ಟಿಗೆ, ಅಂದರೆ ತಿರುಗುವ ದಂಡಕ್ಕೆ, ಸೇರಿಸುತ್ತದೆ. ಸೇರುವ ಮೊದಲು ಎರಡರ ವೇಗವೂ ಒಂದಾಗಬೇಕು. ಆ ಕೆಲಸ ಸಿಂಕ್ರೊನೈಸರ್ ರಿಂಗಿನದು. ಹಳೇ ಗಾಡಿಗಳಲ್ಲಿ ಇದು ಹೆಚ್ಚಾಗಿ ಹಿತ್ತಾಳೆಯದು. ಅದು ಗೇರಿನ ಕೋನ್ (ಶಂಕುವಿನಾಕಾರದ ಭಾಗ) ಮೇಲೆ ಒತ್ತಿ, ಉಜ್ಜಿ, ಬ್ರೇಕ್ ಹಾಕುತ್ತದೆ. ಒಳಮೈಯಲ್ಲಿರುವ ಸಣ್ಣ ಗೀರುಗಳು ನಡುವಿನ ಆಯಿಲನ್ನು ಒರೆಸಿ ಹಾಕಿದರೆ ಮಾತ್ರ ಹಿಡಿತ ಸಿಗುವುದು. ಆಯಿಲ್ ಗಟ್ಟಿಯಾಗಿದ್ದರೆ, ಅದೂ ತಣ್ಣಗಿದ್ದರೆ, ಆ ಗೀರುಗಳು ಏನು ತಾನೇ ಮಾಡಿಯಾವು?

ಇನ್ನೊಂದು ತೊಂದರೆಯೂ ಇದೆ. ಗೇರ್ ಆಯಿಲ್ ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಅದರ ವರ್ಗ ಬರೆದಿರುತ್ತದೆ. 5 ಅಂದರೆ 4ಕ್ಕಿಂತ ಒಳ್ಳೆಯದು ಅಂತ ಅಲ್ಲ, ಅದು ಬೇರೆ ಕೆಲಸದ್ದು. ಡಿಫರೆನ್ಷಿಯಲ್ಲಿನ ಭಾರೀ ಒತ್ತಡ ತಡೆಯಲಿ ಅಂತ ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ ಹಾಕಿರುತ್ತಾರೆ. ಕೆಲವು ಆಯಿಲ್‌ಗಳಲ್ಲಿ ಆ ಗಂಧಕ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತದೆ. ತಿನ್ನದಿದ್ದರೂ ರಿಂಗಿಗೆ ಬೇಕಾದ ಉಜ್ಜಾಟವನ್ನು ಜಾರಿಸಿಬಿಡಬಹುದು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಜಿಎಲ್-4, 75ಡಬ್ಲ್ಯು-80 (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ) ಅಂತ ಇದ್ದರೆ ಅದನ್ನೇ ಹಾಕಿಸಿ. ಜಿಎಲ್-5 ಅಂತ ಕೇಳುವ ಗೇರ್ ಬಾಕ್ಸುಗಳೂ ಇವೆ, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಆಯಿಲ್) ಬೇಕು. ಹಾಗಾಗಿ ನನ್ನ ಮಾತಿಗಿಂತ ಕೈಪಿಡಿಯ ಮಾತು ದೊಡ್ಡದು.

ಕೊನೆಗೆ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಲು ಶುರುವಾಯಿತು. ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ ಹಿಡಿತವೇ ಇರಲ್ಲ, ಎದೆ ಧಸಕ್ಕೆನ್ನುತ್ತದೆ. ಬೇರೆ ಮೆಕ್ಯಾನಿಕ್ ಹತ್ತಿರ ಗೇರ್ ಬಾಕ್ಸ್ ಇಳಿಸಿ ಬಿಚ್ಚಿಸಿದೆ. ಅವರು ಮೂರನೇ ಗೇರಿನ ರಿಂಗನ್ನು ಕೋನ್ ಮೇಲಿಟ್ಟು ಒತ್ತಿ ತಿರುಗಿಸಿ ತೋರಿಸಿದರು, ಕಚ್ಚಿಕೊಂಡು ನಿಂತಿತು. ಎರಡನೆಯದನ್ನು ಇಟ್ಟರೆ ಸುಮ್ನೆ ಜಾರಿ ಸುತ್ತುತ್ತಿತ್ತು. ಒಳಗಿನ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು, ರಿಂಗು ಗೇರಿಗೆ ತಾಗಿಯೇ ಕೂತಿತ್ತು, ನಡುವೆ ಇರಬೇಕಾದ ಸಂದು ಇರಲೇ ಇಲ್ಲ. ಸ್ಲೀವ್ ಕಚ್ಚುವ ಚೂಪು ಹಲ್ಲುಗಳ ತುದಿಯೂ ಮೊಂಡಾಗಿತ್ತು, ಲಿವರ್ ಹಾರುತ್ತಿದ್ದುದು ಅದಕ್ಕೇ. ಮೊದಲೇ ಬಿಚ್ಚಿದ್ದರೆ ಬರೀ ರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸ. ಈಗ ಸ್ಲೀವು, ಎರಡನೇ ಗೇರು ಎಲ್ಲ ಹೊಸದು. ಆ ಮೊದಲನೇ ಗ್ಯಾರೇಜಿನವರನ್ನು ಕೇಳಿದ್ದಕ್ಕೆ "ನೀವು ಓಡಿಸೋ ರೀತಿ ಸರಿ ಇಲ್ಲ" ಅಂದರು!

ಹಾಗಂತ ಸದ್ದು ಬಂತು ಅಂತ ಓಡಿಹೋಗಿ ಗೇರ್ ಬಾಕ್ಸನ್ನೂ ಬಿಚ್ಚಿಸಬೇಡಿ. ಎಂಜಿನ್ ಆಫ್ ಮಾಡಿ ಎಲ್ಲ ಗೇರು ಹಾಕಿ ನೋಡಿ. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಎಲ್ಲ ಗೇರೂ ಕಷ್ಟ, ರಿವರ್ಸ್ ಹಾಕಿದರೆ ಕರ್ ಅನ್ನುತ್ತದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಕ್ಲಚ್ಚನ್ನೇ. ಒತ್ತಿದರೂ ಅದು ಎಂಜಿನ್ನಿನಿಂದ ಗೇರ್ ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ ಅಂತ ಅರ್ಥ. ಕೇಬಲ್ ಸಡಿಲವಾಗಿರಬಹುದು, ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಅದರೊಳಗೆ ಗಾಳಿ ಸೇರಿರಬಹುದು. ಒಂದೇ ಗೇರು ತಕರಾರು ಮಾಡುತ್ತಿದ್ದರೆ ಆಗ ರಿಂಗಿನ ಕಡೆ ನೋಡಿ. ನ್ಯೂಟ್ರಲ್‌ನಲ್ಲಿ ಬರುವ ಗುಂಯ್ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಹೆಚ್ಚಾಗಿ ಒಳಗಿನ ಶಾಫ್ಟಿನ ಬೇರಿಂಗು, ಒತ್ತಿದಾಗಲೇ ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗು.

ಓಡಿಸುವ ಬಗ್ಗೆ, ಎರಡನೇ ಮೆಕ್ಯಾನಿಕ್ ಹೇಳಿದ್ದರಲ್ಲಿ ನನಗೆ ಸರಿ ಅನ್ನಿಸಿದ್ದು ಇಷ್ಟು. ಒಂದರಿಂದ ಎರಡಕ್ಕೆ ಹಾಕುವಾಗ ನ್ಯೂಟ್ರಲ್‌ನಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯಿರಿ, ಆಮೇಲೆ ಬೆರಳಿನಿಂದ ತಳ್ಳಿ, ಮುಷ್ಟಿಯಿಂದಲ್ಲ. ಈ ಎರಡು ಗೇರುಗಳ ವೇಗದ ಅಂತರ ದೊಡ್ಡದು, ಊರೊಳಗೆ ಬದಲಾಯಿಸುವುದೂ ಜಾಸ್ತಿ, ಅದಕ್ಕೇ ಎರಡನೇ ರಿಂಗು ಸಾಮಾನ್ಯವಾಗಿ ಮೊದಲು ಸೋಲುವುದು. ಕೆಳಗಿನ ಗೇರಿಗೆ ಬರುವಾಗ ಆಕ್ಸಿಲರೇಟರ್ ಒಂಚೂರು ಕೊಟ್ಟರೆ ಕ್ಲಚ್ ಪ್ಲೇಟಿಗೆ ಆರಾಮ. ರಿಂಗಿಗೂ ಆರಾಮ ಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಹಾಕಬೇಕು. ರಿಂಗು ಸವೆದ ಗಾಡಿಯನ್ನು ಮನೆ ಮುಟ್ಟಿಸುವುದಕ್ಕೂ ಇದೇ ದಾರಿ, ಆದರೆ ರಿಪೇರಿಯನ್ನು ಮುಂದೂಡುವುದಕ್ಕಲ್ಲ. ಗೇರ್ ಲಿವರ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವವರು ತುಂಬಾ ಜನ. ಆ ಭಾರ ಒಳಗೆ ಸ್ಲೀವನ್ನು ಜರುಗಿಸುವ ಫೋರ್ಕಿನ ಮೇಲೆ ಬೀಳುತ್ತದೆ, ಕೈ ತೆಗೆಯಿರಿ. ಗಾಡಿ ಪೂರ್ತಿ ನಿಲ್ಲದೆ ರಿವರ್ಸ್ ಹಾಕಬೇಡಿ, ಹಳೇ ಗೇರ್ ಬಾಕ್ಸುಗಳಲ್ಲಿ ಹೆಚ್ಚಿನವಕ್ಕೆ ರಿವರ್ಸಿಗೆ ಸಿಂಕ್ರೊನೈಸರೇ ಇರಲ್ಲ.

ಆಯಿಲ್ ಬದಲಾಯಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಸೀಲ್ ಒಡೆಯದ ಡಬ್ಬ ಕಣ್ಣೆದುರಿಗೇ ತೆರೆಯಲಿ. ಆಯಿಲ್ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್ ಮೊದಲು ಬಿಚ್ಚಿಸಿ, ಆಮೇಲೆ ಆಯಿಲ್ ಇಳಿಸುವ ಕೆಳಗಿನದು. ತುಕ್ಕು ಹಿಡಿದು ಮೇಲಿನದು ಬರದೇ ಹೋದರೆ, ಆಯಿಲ್ ಖಾಲಿಯಾದ ಗೇರ್ ಬಾಕ್ಸ್ ಇಟ್ಟುಕೊಂಡು ಅಲ್ಲೇ ಕೂರಬೇಕಾಗುತ್ತದೆ.