ಮುಂದಿನ ಚಕ್ರ ನಡುಗಿದರೆ ಮೊದಲು ನಟ್ಟಿಗೆ ಕೈ ಹಾಕಬೇಡಿ

ಮಳೆಗಾಲ ಮುಗಿಯಿತು, ಶೆಡ್ಡಿನಿಂದ ವಿಮಾನ ಹೊರಗೆ ಎಳೆಯುವ ಹೊತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಿಟ್ ತರಿಸಿ ಕೈಯಾರೆ ಜೋಡಿಸಿದ ಸಣ್ಣ ವಿಮಾನ ಇರುವವರು, ಅದರಲ್ಲೂ ಮುಂದಿನ ಚಕ್ರ ತನ್ನಷ್ಟಕ್ಕೆ ಎಡಕ್ಕೂ ಬಲಕ್ಕೂ ತಿರುಗುವಂಥದ್ದು ಇರುವವರು ದಯವಿಟ್ಟು ಪೂರ್ತಿ ಓದಿ. ಹೋದ ವರ್ಷ ನಮ್ಮ ವಿಮಾನದ ಮುಂದಿನ ಫೋರ್ಕ್, ಅಂದರೆ ಚಕ್ರವನ್ನು ಹಿಡಿದಿರುವ ಕವೆ, ಮುರಿದು ಪ್ರೊಪೆಲರ್ ನೆಲಕ್ಕೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್ ರೂಮ್ ಕೆಲಸದವನು. ವಿಮಾನದಲ್ಲಿ ಅರ್ಧ ಪಾಲು ನನ್ನದು, ಇನ್ನರ್ಧ ಬಾಗಲಕೋಟೆ ಕಡೆಯ ಕಾಕಾ ಒಬ್ಬರದು. ಅವರು ರೈಲ್ವೆಯಲ್ಲಿದ್ದು ನಿವೃತ್ತರಾಗಿ ಚಿಂಚ್‌ವಾಡದಲ್ಲಿ ಮನೆ ಮಾಡಿದ್ದಾರೆ. ಆರು ವರ್ಷ ಪ್ರತಿ ಭಾನುವಾರ ಕೂತು ಕಟ್ಟಿದ್ದೇವೆ. ರೋಟ್ಯಾಕ್ಸ್ 912 ಎಂಜಿನ್, ಎರಡು ಸೀಟು. ನೆಲದ ಮೇಲೆ ತಿರುಗಿಸಬೇಕಾದರೆ ಒಂದೊಂದು ಬದಿಯ ಬ್ರೇಕ್ ಒತ್ತಬೇಕು, ಮುಂದಿನ ಚಕ್ರ ಸುಮ್ನೆ ಹಿಂಬಾಲಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ವಿಮಾನ ನಿಂತಲ್ಲೇ ನಿಂತಿತ್ತು. ಅಕ್ಟೋಬರ್‌ನ ಮೊದಲ ಹಾರಾಟ ಚೆನ್ನಾಗೇ ಆಯಿತು. ಇಳಿದ ಮೇಲೆ ವೇಗ ಸುಮಾರು 50 ಕಿ.ಮೀ.ಗೆ ಬಂದಾಗ ಕಾಲ ಕೆಳಗಿನ ನೆಲ ಗಡಗಡ ಅನ್ನಲು ಶುರುವಾಯಿತು. ಮೀಟರ್‌ಗಳ ಮುಳ್ಳು ಕಾಣದಷ್ಟು ನಡುಕ. ಮೂರ್ನಾಲ್ಕು ಸೆಕೆಂಡ್ ಅಷ್ಟೇ, ವೇಗ ಇಳಿದ ಕೂಡಲೇ ನಿಂತೂ ಹೋಯಿತು. ಇದಕ್ಕೇ ಶಿಮ್ಮಿ ಅನ್ನುವುದು.

ಮಾಲ್‌ನಲ್ಲಿ ಸಾಮಾನಿನ ಟ್ರಾಲಿಯನ್ನು ಜೋರಾಗಿ ತಳ್ಳಿದಾಗ ಅದರ ಒಂದು ಚಕ್ರ ಹುಚ್ಚು ಹಿಡಿದ ಹಾಗೆ ಪಟಪಟ ಒದರುವುದನ್ನು ನೋಡಿರುತ್ತೀರಿ, ಅಲ್ವಾ? ಇಲ್ಲೂ ಅದೇ. ಚಕ್ರ ನೆಲ ಮುಟ್ಟುವ ಜಾಗ ಫೋರ್ಕ್ ಎಡಕ್ಕೂ ಬಲಕ್ಕೂ ತಿರುಗುವ ಪಿನ್ನಿಗಿಂತ ಹಿಂದಿರುತ್ತದೆ. ಒಂದು ಸಣ್ಣ ಏಟು ಬಿದ್ದರೆ ಚಕ್ರ ಪಕ್ಕಕ್ಕೆ ಹೋಗುತ್ತದೆ, ವಾಪಸ್ ಬರುವಾಗ ನಡುವೆ ನಿಲ್ಲದೆ ಆಚೆಗೆ ದಾಟುತ್ತದೆ, ಮತ್ತೆ ಈಚೆಗೆ ಬರುತ್ತದೆ. ಇದಕ್ಕೆ ಶಕ್ತಿ ಬರುವುದು ವಿಮಾನದ ಓಟದಿಂದಲೇ. ಅದಕ್ಕೇ ವೇಗ ಇಳಿಯುವವರೆಗೆ ತಾನಾಗಿ ನಿಲ್ಲುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಇದನ್ನು ತಡೆಯಲು ನಮ್ಮಂಥ ವಿಮಾನಗಳಲ್ಲಿ ಫೋರ್ಕ್ ಪಿನ್ನಿನ ಮೇಲೆ ತಟ್ಟೆಯ ಹಾಗೆ ಬಾಗಿದ ಬೆಲ್ವಿಲ್ ವಾಷರ್‌ಗಳನ್ನಿಟ್ಟು ನಟ್ಟಿನಿಂದ ಒತ್ತಿರುತ್ತಾರೆ. ಆ ಒತ್ತಡದ ಬಿಗಿಯೇ ನಡುಕ ಹಿಡಿಯುವುದು.

ಎಲ್ಲ ಕೆಟ್ಟಿದ್ದು ಇಲ್ಲೇ. ನಾವು ಒಂದು ವರ್ಕ್‌ಶಾಪಿನವರನ್ನು ಕರೆಸಿದೆವು. ಹೆಸರು ಬೇಡ. ಅವರು ಹತ್ತು ನಿಮಿಷ ನೋಡಿದರು. ನಟ್ಟು ಸಡಿಲ ಆಗಿದೆ ಅಂದರು. ಕೈ ಅಂದಾಜಿನಲ್ಲಿ ಸ್ಪಾನರ್ ತಿರುಗಿಸಿ ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಿ ದುಡ್ಡು ತಗೊಂಡು ಹೋದರು. ಚಕ್ರ ಎತ್ತಲಿಲ್ಲ, ಟೈರಿನ ಗಾಳಿ ನೋಡಲಿಲ್ಲ. ಕಾಕಾ ಅವತ್ತೇ ಹೇಳಿದ್ದರು: "ತಮ್ಮಾ, ಸುಮ್ಮ ಬಿಗಿ ಮಾಡಿಸಬ್ಯಾಡ, ಮೊದಲ ಅಳತಿ ತಗೋ." ಹಾರುವ ಆತುರದಲ್ಲಿ ನಾನು ಕೇಳಲಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ನನಗೆ ಅವತ್ತು ಅಳತೆ ಬೇಡವಾಯಿತು ಅನ್ನುವುದು ಈಗಲೂ ನೋಯುತ್ತದೆ.

ಆಮೇಲೆ ಆರು ಲ್ಯಾಂಡಿಂಗ್ ನಡುಕವೇ ಇಲ್ಲ. ಆದರೆ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗ, ತಿರುಗಿಸಲು ಎಡ ಬ್ರೇಕನ್ನು ಜಾಸ್ತಿ ಒತ್ತಬೇಕಾಗುತ್ತಿತ್ತು, ಒಂದು ಸಲ ಬ್ರೇಕ್ ಬಿಸಿಯಾಗಿ ವಾಸನೆಯೂ ಬಂತು. ನಟ್ಟು ಮಿತಿ ಮೀರಿ ಬಿಗಿಯಾಗಿದೆ ಅನ್ನುವುದಕ್ಕೆ ಅದೇ ಸೂಚನೆ. ಏಳನೇ ಲ್ಯಾಂಡಿಂಗ್‌ನಲ್ಲಿ ರನ್‌ವೇಯ ಒಂದು ತೇಪೆ ದಾಟಿದ ಕೂಡಲೇ ಶಿಮ್ಮಿ ಬಂತು, ಮೊದಲಿಗಿಂತ ಎಷ್ಟೋ ಜೋರು. ಬಿಗಿ ಹೆಚ್ಚಿದ್ದರೆ ಸಣ್ಣ ನಡುಕ ಅಡಗಿರುತ್ತದೆ, ದೊಡ್ಡ ಏಟು ಬಿದ್ದಾಗ ಒಮ್ಮೆಲೇ ಬಿಡಿಸಿಕೊಳ್ಳುತ್ತದೆ. ನಾನು ಹೆದರಿ ಎರಡೂ ಬ್ರೇಕ್ ಒತ್ತಿದೆ. ಮಾಡಬಾರದ್ದು ಅದೇ. ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಸ್ಟಿಕ್ ಹಿಂದಕ್ಕೆ ಎಳೆದು ಮೂತಿಯ ಭಾರ ಇಳಿಸಿ, ಪವರ್ ಪೂರ್ತಿ ತೆಗೆದು, ರನ್‌ವೇ ಉದ್ದ ಇದ್ದರೆ ಬ್ರೇಕ್ ಮುಟ್ಟದೆ ಓಡಲು ಬಿಡಬೇಕಿತ್ತು. ಫೋರ್ಕ್ ವೆಲ್ಡಿನ ಹತ್ತಿರ ಮುರಿಯಿತು, ಮೂತಿ ಕುಸಿಯಿತು.

ಬಿಚ್ಚಿ ನೋಡಿದಾಗ ಗೊತ್ತಾಗಿದ್ದು ಇದು. ನಾಲ್ಕು ತಿಂಗಳು ಒಂದೇ ಕಡೆ ನಿಂತು ಟೈರ್ ಚಪ್ಪಟೆಯಾಗಿತ್ತು. ಒಂದು ಸೂಜಿಯನ್ನು ಪಕ್ಕದಲ್ಲಿ ಕಟ್ಟಿ ಚಕ್ರ ತಿರುಗಿಸಿದರೆ 3 ಮಿ.ಮೀ. ಏರಿಳಿತ. ಗಾಳಿ ನಮ್ಮ ಕೈಪಿಡಿ ಹೇಳಿದ 30 ಪಿಎಸ್‌ಐ ಬದಲು 18. ಟೈರಿನ ಮೇಲಿನ ಕೆಂಪು ಚುಕ್ಕೆ ಟೈರಿನ ಹಗುರ ಬದಿ, ಟ್ಯೂಬಿನಲ್ಲಿ ಬೇರೆ ಗುರುತು ಇಲ್ಲದಿದ್ದರೆ ಅದು ವಾಲ್ವ್ ಪಕ್ಕಕ್ಕೆ ಬರಬೇಕು. ನಮ್ಮದು ಎದುರು ಬದಿಗಿತ್ತು, ಕೂರಿಸಿದವನು ನಾನೇ. ಇನ್ನು ಪಿನ್ನಿನ ಬುಷ್, ಅಂದರೆ ಪಿನ್ ಕೂರುವ ಕೊಳವೆ: ಗ್ರೀಸ್ ಒಣಗಿ ಸವೆದು 0.4 ಮಿ.ಮೀ. ಪ್ಲೇ, ಅಂದರೆ ಸಡಿಲ. ಪಿನ್ನಿನಲ್ಲಿ ಅಷ್ಟು ಅಂದರೆ ಕೆಳಗೆ ಟೈರಿನಲ್ಲಿ ಎಷ್ಟೋ ಪಟ್ಟು ಜಾಸ್ತಿ. ಇಷ್ಟರಲ್ಲಿ ಯಾವುದನ್ನೂ ನಟ್ಟು ಸರಿ ಮಾಡುವುದಿಲ್ಲ.

ವೆಲ್ಡ್ ವಿಷಯ ಇನ್ನೂ ಮುಖ್ಯ. ಮುರಿದ ಮುಖದ ಅರ್ಧ ಭಾಗ ಕಪ್ಪಾಗಿತ್ತು, ಉಳಿದದ್ದು ಹೊಳೆಯುತ್ತಿತ್ತು. ಅಂದರೆ ಬಿರುಕು ಮೊದಲೇ ಇತ್ತು. ಮೊದಲ ದಿನದ ನಡುಕದ ನಂತರವೇ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ, ಅಂದರೆ ಡೈ ಪೆನೆಟ್ರಂಟ್, ಹಾಕಿ ನೋಡಿದ್ದರೆ ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಕಾಣುತ್ತಿತ್ತು ಅಂತ ನನ್ನ ನಂಬಿಕೆ. ಭೋಸರಿಯಲ್ಲಿ ನಾವು ದಿನಾ ಮಾಡುವ ಪರೀಕ್ಷೆ ಅದು, ಅರ್ಧ ಗಂಟೆಯ ಕೆಲಸ. ಒಂದು ಸಲ ಜೋರಾಗಿ ಶಿಮ್ಮಿ ಬಂದರೂ ಫೋರ್ಕ್ ವೆಲ್ಡ್, ಎಂಜಿನ್ ಹಿಡಿದಿರುವ ಮೌಂಟ್ ಮತ್ತು ಚಕ್ರದ ಕಾಲು ಕೂರುವ ಬೋಲ್ಟ್‌ಗಳನ್ನು ನೋಡದೆ ಮತ್ತೆ ಹಾರಬೇಡಿ.

ನೋಡುವ ಕ್ರಮ ಹೇಳುತ್ತೇನೆ. ಬಾಲವನ್ನು ಅದಕ್ಕೆಂದೇ ಇರುವ ಟೈ ಡೌನ್ ಕೊಂಡಿಯಿಂದ ಕೆಳಗೆ ಕಟ್ಟಿ ಮೂತಿ ಎತ್ತಿ, ಮೂತಿ ಎತ್ತಲು ಬಾಲದ ರೆಕ್ಕೆಯ ಮೇಲೆ ಯಾರೂ ಕೂರಬೇಡಿ. ಮೊದಲು ಟೈರಿನ ಗಾಳಿ, ದುಂಡಗಿದೆಯೇ, ತೂಕ ಸಮ ಇದೆಯೇ ನೋಡಿ. ಆಮೇಲೆ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಬೇರಿಂಗ್ ಸಡಿಲ ಇದ್ದರೆ ಕೈಗೆ ಗೊತ್ತಾಗುತ್ತದೆ. ನಂತರ ಬುಷ್. ನಟ್ಟು ಕೊನೆಗೆ. ಆಕ್ಸಲ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಪಕ್ಕಕ್ಕೆ ಎಳೆಯಿರಿ, ಫೋರ್ಕ್ ತಿರುಗಲು ಎಷ್ಟು ಬೇಕು ಅಂತ ಓದಿ. ನಮ್ಮ ಕಿಟ್‌ಗೆ 10 ಕಿಲೋ, ನಿಮ್ಮದಕ್ಕೆ ನಿಮ್ಮ ಕೈಪಿಡಿ ಹೇಳಿದಷ್ಟು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಟ್ಯಾಕ್ಸಿ ಓಡಿಸಿ. ನಡುಕ ಹೀರುವ ಬೈಕಿನ ಸ್ಟೀರಿಂಗ್ ಡ್ಯಾಂಪರ್ ಸಿಕ್ಕಿಸು ಅಂತ ನಮಗೂ ಒಬ್ಬರು ಹೇಳಿದ್ದರು. ಅದನ್ನು ಹಿಡಿಯಲು ಆ ಫೋರ್ಕಿನಲ್ಲಿ ಜಾಗವೇ ಮಾಡಿಲ್ಲ, ಸುಮ್ನೆ ಹೊಸ ಬಿರುಕಿಗೆ ದಾರಿ.

ಪ್ರೊಪೆಲರ್ ಬಡಿದಿದ್ದಕ್ಕೆ ಗೇರ್‌ಬಾಕ್ಸ್ ಬಿಚ್ಚಿ ಪರೀಕ್ಷಿಸಬೇಕಾಯಿತು. ಹೊಸ ಫೋರ್ಕ್, ಹೊಸ ಪ್ರೊಪೆಲರ್, ಎಂಟು ತಿಂಗಳು. ಕಾಕಾ ಇವತ್ತಿಗೂ ನನ್ನ ಮೇಲೆ ಒಂದು ಮಾತೂ ಹೊರಿಸಿಲ್ಲ. ಶೆಡ್ಡಿನ ಮೊಳೆಗೆ ಒಂದು ಸ್ಪ್ರಿಂಗ್ ತಕ್ಕಡಿ ತಂದು ನೇತು ಹಾಕಿದ್ದಾರೆ. ಹೋದ ಭಾನುವಾರ ಹೊಸ ಫೋರ್ಕಿನ ಮೊದಲ ಅಳತೆ 10 ಕಿಲೋ ಬಂತು. ಐದು ಲ್ಯಾಂಡಿಂಗ್ ಆದ ಮೇಲೆ ಮತ್ತೆ ಎಳೆದು ನೋಡಿದರೆ ವಾಷರ್ ಕೂತು ಎಂಟೂವರೆಗೆ ಇಳಿದಿತ್ತು. ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಅದರ ಅಂಚಿನ ಒಂದೇ ಒಂದು ಸೀಳಿನಷ್ಟು ಮುಂದಕ್ಕೆ ತಿರುಗಿಸಿ ಮತ್ತೆ ಅಳೆದೆವು, ಹತ್ತಕ್ಕೆ ಬಂತು. ಕಾಕಾ ಅದನ್ನು ದಿನಾಂಕದ ಸಮೇತ ಲಾಗ್ ಪುಸ್ತಕದಲ್ಲಿ ಬರೆದರು.